ಟ್ರಾವೆಲ್ ಬ್ಲಾಗ್ ಓದಾಕ ಮಂದಿ ಎಲ್ಲಿಂದ ಬರ್ತಾರ? ಲಕ್ಕುಂಡಿ ಪೇಜು ಮುಂದಿಟ್ಕೊಂಡು ನೋಡೋಣ

ನಮ್ಮ ಕಡೆ ಈಗ ತಿರುಗಾಡೋ ಮಂದಿ ಭಾಳ ಆಗ್ಯಾರ್ರಿ. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಶುರು ಆತು, ಹೆಣ್ಮಕ್ಕಳು ಸಾದಾ ಸರ್ಕಾರಿ ಬಸ್ಸಿನ್ಯಾಗ ರೊಕ್ಕ ಕೊಡೋದ ಬ್ಯಾಡ, ಆವಾಗಿಂದ ರವಿವಾರ ಬಂತಂದ್ರ ಅವ್ವ ಅಕ್ಕ ಅತ್ತಿ ಎಲ್ಲಾ ಕೂಡಿ ಆಧಾರ್ ಕಾರ್ಡ್ ಹಿಡ್ಕೊಂಡು ಹೊಂಟ್ಬಿಡ್ತಾರ. ಹುಡುಗ್ರು ಬೈಕ್ ಹತ್ತಿ ಹಾನಗಲ್ಲು, ಗಳಗನಾಥ ಅಂತ ಹೊಕ್ಕಾರ. ಹೋಗಿ ಬಂದವ್ರಾಗ ಒಂದಿಷ್ಟು ಮಂದಿ ಫೋಟೋ ಹಾಕಿ, ನಾಕು ಸಾಲು ಬರದು ಬ್ಲಾಗ್ ಶುರು ಮಾಡ್ತಾರ. ಶುರು ಮಾಡಿ ಸ್ವಲ್ಪ ದಿನಕ್ಕ ಎಲ್ಲಾರದೂ ಒಂದ ಮಾತು: "ಇಷ್ಟು ಚಂದ ಬರದೇನಿ, ಓದಾಕ ಯಾರೂ ಯಾಕ ಬರವಲ್ರು?"

ಚಂದ ಬರಿಯೋದು ಬ್ಯಾರೆ, ಬರದದ್ದು ಮಂದಿ ಕಣ್ಣಿಗೆ ಬೀಳೋದು ಬ್ಯಾರೆ. ಓದಾಂವ ನಿಮ್ಮ ಪೇಜಿಗೆ ಬರಾಕ ಇರೋ ದಾರಿ ಮೂರ. ಒಂದು, ಗೂಗಲ್‌ನ್ಯಾಗ ಏನೋ ಹುಡುಕ್ಕೋತ ಬರ್ತಾನ. ಎರಡು, ಯಾರರ ಲಿಂಕ್ ಕಳಿಸಿದ್ರ ಬರ್ತಾನ. ಮೂರು, ಮೊದ್ಲ ಬಂದು ಓದಿ ಹೋದಾಂವ ತಿರುಗಿ ಬರ್ತಾನ. ಮೂರೂ ದಾರಿ ಕೆಲಸ ಮಾಡೋ ರೀತಿ ಬ್ಯಾರೆ ಬ್ಯಾರೆ, ಗದಗ ಹತ್ರದ ಹಳೇ ಗುಡಿಗಳ ಊರು ಲಕ್ಕುಂಡಿ ಬಗ್ಗೆ ಬರಿಯೋ ಪೇಜನ್ನ ಉದಾಹರಣೆ ಇಟ್ಕೊಂಡು ಅದನ್ನ ಒಂದೊಂದ ಬಿಡಿಸಿ ನೋಡೋಣ.

ಮೊದ್ಲ ನಾಕು ಶಬ್ದ

ಬ್ಲಾಗ್ ಅಂದ್ರ ನಿಮ್ಮ ಸ್ವಂತದ ವೆಬ್‌ಸೈಟು, ಅದರಾಗ ಒಂದೊಂದು ಬರಹಕ್ಕ ಪೋಸ್ಟ್ ಅಂತಾರ. ಒಬ್ರು ಒಂದು ಪೋಸ್ಟ್ ತಗದ್ರ ಅದು ಒಂದು ಪೇಜ್‌ವ್ಯೂ. ಒಬ್ಬಾಂವನ ಐದು ಪೋಸ್ಟ್ ತಗದ್ರ ಪೇಜ್‌ವ್ಯೂ ಐದು, ಮನಷ್ಯಾ ಮಾತ್ರ ಒಬ್ಬನ. ಹಿಂಗ ಬರೋ ಮಂದಿ ಎಲ್ಲಾ ಸೇರಿ ಆಗೋದಕ್ಕ ಟ್ರಾಫಿಕ್ ಅಂತಾರ. ಇದಕ್ಕೂ ಓದುಗರು ಅನ್ನೋದಕ್ಕೂ ಫರಕ್ ಐತಿ. ಟ್ರಾಫಿಕ್ ಅಂದ್ರ ಬಂದು ಹೋಗೋ ಮಂದಿ, ಓದುಗರು ಅಂದ್ರ ಮತ್ತೊಂದು ಊರಿಗೆ ಹೊಂಟಾಗ ನಿಮ್ಮನ್ನ ನೆನಸ್ಕೊಂಡು ಬರಾವ್ರು. ರೀಲ್ಸಿನ ಕೆಳಗ ಕಾಣೋ ವ್ಯೂ ಇನ್ನೂ ಬ್ಯಾರೆ ಲೆಕ್ಕ, ಬಟ್ಟು ಮ್ಯಾಲ ಸರಿಸಿದ್ರೂ ಅದು ಎಣಿಸ್ತೈತಿ.

ಗೂಗಲ್ ಒಳಗ ಏನ್ ನಡೀತೈತಿ

ಬಸ್‌ಸ್ಟ್ಯಾಂಡಿನ್ಯಾಗ ವಿಚಾರಣೆ ಕೌಂಟರ್ ಇರ್ತೈತಲ್ರಿ, ಅಲ್ಲೆ ಕುಂತಾಂವ ಎಲ್ಲಾ ಊರಿಗೆ ಹೋಗಿ ಬಂದಿರಂಗಿಲ್ಲ. ಆದ್ರ ಯಾವ ಊರಿಗೆ ಯಾವ ಗಾಡಿ, ಎಷ್ಟನೇ ಪ್ಲಾಟ್‌ಫಾರ್ಮ್, ಎಲ್ಲಾ ರಿಜಿಸ್ಟರ್‌ನ್ಯಾಗ ಬರ್ಕೊಂಡಿರ್ತಾನ. ನೀವು ಊರ ಹೆಸರು ಹೇಳಿದ್ರ ಸಾಕು, ಬೆಳ್ಳ ತೋರಿಸ್ತಾನ. ಗೂಗಲ್ ಕೆಲಸಾನೂ ಇಷ್ಟ. ಅದೇನೂ ಲಕ್ಕುಂಡಿ ನೋಡಿಲ್ಲ, ಲಕ್ಕುಂಡಿ ಬಗ್ಗೆ ಯಾರ್ಯಾರು ಎಲ್ಲೆಲ್ಲೆ ಏನ್ ಬರದಾರ ಅನ್ನೋದರ ರಿಜಿಸ್ಟರ್ ಅದರ ಕಡೆ ಐತಿ.

ಈ ರಿಜಿಸ್ಟರ್ ತಯಾರಾಗೋದು ಮೂರು ಹಂತದಾಗ. ಗೂಗಲ್‌ಬಾಟ್ ಅಂತ ಒಂದು ಪ್ರೋಗ್ರಾಮ್ ಐತಿ, ಅದು ಒಂದು ಪೇಜಿನ್ಯಾಗ ಇರೋ ಲಿಂಕ್ ಹಿಡ್ಕೊಂಡು ಮುಂದಿನ ಪೇಜಿಗೆ, ಅಲ್ಲಿಂದ ಇನ್ನೊಂದಕ್ಕ, ಹಿಂಗ ಹಗಲು ರಾತ್ರಿ ತಿರುಗತಿರ್ತೈತಿ, ಇದಕ್ಕ ಕ್ರಾಲಿಂಗ್ ಅಂತಾರ. ನೋಡಿದ್ದನ್ನ ರಿಜಿಸ್ಟರಿಗೆ ಏರ್ಸೋದು ಇಂಡೆಕ್ಸಿಂಗ್. ಯಾರರ ಕೇಳಿದಾಗ ಆ ರಿಜಿಸ್ಟರ್‌ದಾಗಿಂದ ಯಾವುದು ಮೊದ್ಲ, ಯಾವುದು ಆಮ್ಯಾಲೆ ಅಂತ ಸಾಲು ಹಚ್ಚೋದು ರ‍್ಯಾಂಕಿಂಗ್.

ಹೊಸಾ ಬ್ಲಾಗಿನವ್ರಿಗೆ ಮೊದ್ಲ ಪೆಟ್ಟು ಬೀಳೋದು ಮೊದಲಿನ ಎರಡು ಹಂತದಾಗನ. ಪೋಸ್ಟ್ ಹಾಕಿದ ಕೂಡ್ಲೆ ಅದು ಗೂಗಲ್‌ನ್ಯಾಗ ಇರ್ತೈತಿ ಅಂತ ತಿಳ್ಕೊಂಡಿರ್ತಾರ. ಇರಬೇಕು ಅಂತ ಏನಿಲ್ಲ. ನಿಮ್ಮ ಪೇಜಿಗೆ ಎಲ್ಲಿಂದನೂ ಲಿಂಕ್ ಇಲ್ಲ ಅಂದ್ರ ಬಾಟಿಗೆ ದಾರಿನ ಸಿಗಂಗಿಲ್ಲ, ದಾರಿ ಸಿಕ್ಕು ನೋಡಿದ್ರೂ ಇದರಾಗ ಹೊಸಾದೇನಿಲ್ಲ ಅಂತ ಬಿಟ್ಟು ಹೋಗಬಹುದು. ಇದನ್ನ ತಿಳ್ಕೊಳ್ಳಾಕ ಗೂಗಲ್ ಸರ್ಚ್ ಕನ್ಸೋಲ್ ಅಂತ ಪುಕ್ಕಟ ಸಿಗೋ ಸಾಧನ ಐತಿ. ನಿಮ್ಮ ಬ್ಲಾಗನ್ನ ಅದಕ್ಕ ಜೋಡ್ಸಿ, ಎಲ್ಲಾ ಪೋಸ್ಟಿನ ಪಟ್ಟಿ, ಅಂದ್ರ ಸೈಟ್‌ಮ್ಯಾಪ್, ಕೊಟ್ರ ಯಾವ ಪೋಸ್ಟ್ ಒಳಗ ಹೋಗೈತಿ, ಯಾವುದು ಹೊರಗ ಉಳದೈತಿ ಅಂತ ಅದ ಹೇಳ್ತೈತಿ. ವರ್ಡ್‌ಪ್ರೆಸ್, ಬ್ಲಾಗರ್ ಎರಡರಾಗೂ ಸೈಟ್‌ಮ್ಯಾಪ್ ತನ್ನಷ್ಟಕ್ಕ ತಯಾರಾಗ್ತೈತಿ, ನೀವು ಅದರ ವಿಳಾಸ ಹಾಕಿದ್ರ ಸಾಕು.

ರ‍್ಯಾಂಕಿಂಗ್ ಹೆಂಗ ಅನ್ನೋದರ ಪೂರಾ ಲೆಕ್ಕ ಗೂಗಲ್ ಹೊರಗ ಹಾಕಿಲ್ಲ. ಮೂಲ ವಿಚಾರ ಮಾತ್ರ ಎಲ್ಲಾರಿಗೂ ಗೊತ್ತಿದ್ದದ್ದ. ಲ್ಯಾರಿ ಪೇಜ್, ಸರ್ಗೇ ಬ್ರಿನ್ ಇಬ್ರು ಸ್ಟ್ಯಾನ್‌ಫರ್ಡ್‌ನ್ಯಾಗ ಓದಾಗ ಪೇಜ್‌ರ‍್ಯಾಂಕ್ ಅನ್ನೋ ಲೆಕ್ಕ ಕಟ್ಟಿದ್ರು, 1998ರಾಗ ಕಂಪನಿ ಮಾಡಿದ್ರು. ಒಂದು ಪೇಜಿಗೆ ಬ್ಯಾರೆಯವ್ರು ಎಷ್ಟು ಮಂದಿ ಲಿಂಕ್ ಕೊಟ್ಟಾರ, ಆ ಕೊಟ್ಟಾವ್ರಿಗೆ ಎಷ್ಟು ಕಿಮ್ಮತ್ತು ಐತಿ ಅನ್ನೋದರ ಮ್ಯಾಲ ಆ ಪೇಜಿನ ತೂಕ. ಈಗ ಇದರ ಜೋಡಿ ಇನ್ನೂ ಎಷ್ಟೋ ಸಂಗ್ತಿ ಸೇರ್ಯಾವು, ಆದ್ರ ಲಿಂಕಿಗೆ ಇನ್ನೂ ಬೆಲೆ ಐತಿ. ಅದಕ್ಕ ಲಿಂಕ್ ಮಾರಾಟ ಮಾಡೋ ದಂಧೆನೂ ಐತಿ. ರೊಕ್ಕ ಕೊಟ್ಟು ಲಿಂಕ್ ತಗೊಂಡು ರ‍್ಯಾಂಕ್ ಏರ್ಸೋದು ಗೂಗಲ್ ನಿಯಮದ ಪ್ರಕಾರ ಸ್ಪ್ಯಾಮ್, ಸಿಕ್ಕಿಬಿದ್ರ ಪೇಜು ಕೆಳಗ ಹೊಕ್ಕೈತಿ.

ಲಕ್ಕುಂಡಿ ಬಗ್ಗೆ ಬರಿಯೋದು ಬ್ಯಾರೆ, ಲಕ್ಕುಂಡಿಗೆ ಹೊಂಟಾಂವನ ಸಲುವಾಗಿ ಬರಿಯೋದು ಬ್ಯಾರೆ

ಈಗ ಖರೇ ವಿಷಯಕ್ಕ ಬರೋಣ. ಲಕ್ಕುಂಡಿ ಮ್ಯಾಲ ಇರೋ ಹತ್ತು ಬ್ಲಾಗ್ ತಗದು ನೋಡ್ರಿ, ಎಲ್ಲಾದರಾಗೂ ಅದ ಸಾಲು: ಗದಗಿನಿಂದ ಸುಮಾರು 12 ಕಿಲೋಮೀಟರ್, ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು, 101 ಗುಡಿ 101 ಬಾವಿ ಇದ್ವು ಅಂತ ಹೇಳ್ತಾರ, ತಪ್ಪದ ನೋಡಬೇಕಾದ ಸ್ಥಳ. ತಪ್ಪೇನಿಲ್ಲ, ಆದ್ರ ಇದು ಸರ್ಕಾರಿ ವೆಬ್‌ಸೈಟಿನ್ಯಾಗ ಐತಿ, ವಿಕಿಪೀಡಿಯಾದಾಗ ಐತಿ, ಪೇಪರ್‌ನ್ಯಾಗ ಬಂದೈತಿ. ಹೊಸಾ ಬ್ಲಾಗ್ ಅದನ್ನ ಹನ್ನೊಂದನೇ ಸಲ ಹೇಳಿದ್ರ ಗೂಗಲ್ ಅದನ್ನ ಮ್ಯಾಲ ಯಾಕ ತರಬೇಕು?

ಮಂದಿ ಹುಡುಕೋದರ ಹಿಂದ ಒಂದು ಉದ್ದೇಶ ಇರ್ತೈತಿ, ಈ ಕೆಲಸ ಮಾಡಾವ್ರು ಇದಕ್ಕ ಸರ್ಚ್ ಇಂಟೆಂಟ್ ಅಂತಾರ. ಶಾಲಿ ಹುಡುಗ ಪ್ರಾಜೆಕ್ಟ್ ಬರಿಯಾಕ "ಲಕ್ಕುಂಡಿ ಇತಿಹಾಸ" ಅಂತ ಹುಡುಕ್ತಾನ. ರವಿವಾರ ಎಲ್ಲೆ ಹೋಗೋಣ ಅಂತ ವಿಚಾರ ಮಾಡಾಂವ "ಹುಬ್ಬಳ್ಳಿ ಹತ್ರ ನೋಡೋ ಜಾಗಾ" ಅಂತಾನ. ಹೋಗೋದು ಪಕ್ಕಾ ಆದಾಂವನ ಪ್ರಶ್ನೆ ಮಾತ್ರ ಉದ್ದಕ್ಕ ಇರ್ತೈತಿ: ಹುಬ್ಬಳ್ಳಿಯಿಂದ ಲಕ್ಕುಂಡಿಗೆ ಸೀದಾ ಬಸ್ ಐತೋ ಗದಗಿನ್ಯಾಗ ಇಳಿದು ಬ್ಯಾರೆ ಹತ್ತಬೇಕೋ, ಬಸ್ ಇಳಿದಲ್ಲಿಂದ ಗುಡಿ ಎಷ್ಟು ನಡೀಬೇಕು, ವಯಸ್ಸಾದವ್ರನ್ನ ಕರ್ಕೊಂಡು ಹೋದ್ರ ಮೆಟ್ಲ ಏರೋದು ಐತೇನು, ನೀರು ಸಿಗ್ತೈತೋ ತಗೊಂಡು ಹೋಗಬೇಕೋ, ಹೆಣ್ಮಕ್ಕಳಿಗೆ ಪಾಯಖಾನೆ ಎಲ್ಲೆ ಐತಿ. ಹಿಂಥಾ ಉದ್ದನ ಪ್ರಶ್ನೆಗೆ ಲಾಂಗ್‌ಟೇಲ್ ಅಂತಾರ. ಒಂದೊಂದನ್ನ ಕೇಳೋ ಮಂದಿ ಕಡಿಮಿ, ಆದ್ರ ಹಿಂಥಾ ಪ್ರಶ್ನೆ ನೂರಾರು ಇರ್ತಾವು, ಅವಕ್ಕ ಉತ್ತರ ಬರದಾವ್ರು ಭಾಳ ಕಡಿಮಿ. ಹೊಸಾ ಬ್ಲಾಗಿಗೆ ಮೊದ್ಲ ಮಂದಿ ಬರೋದು ಈ ಬಾಗಲದಿಂದನ.

ಹಂಗಂತ ಬರೇ ಬಸ್ಸು, ನೀರು ಅಷ್ಟ ಬರೀರಿ ಅಂತಲ್ಲ. ಗುಡಿ ಮುಂದ ನಿಂತಾಗ ಕಣ್ಣಿಗೆ ಬಿದ್ದದ್ದು ಬರೀರಿ. ಕಾಶಿವಿಶ್ವೇಶ್ವರ ಗುಡಿ ಪೂರ್ವಕ್ಕ ಮುಖ ಮಾಡೈತಿ, ಅದರ ಎದುರಿಗೆ ಸಣ್ಣ ಸೂರ್ಯನ ಗುಡಿ ಪಶ್ಚಿಮಕ್ಕ ಮುಖ ಮಾಡಿ ನಿಂತೈತಿ. ಇದಿಷ್ಟನ್ನ ಎಲ್ಲಾರೂ ಬರೀತಾರ. ಆದ್ರ ಯಾವ ಬಾಗಲದ ಕೆತ್ತನಿ ಮ್ಯಾಲ ಮುಂಜಾನೆ ಬಿಸಲು ಬೀಳ್ತೈತಿ, ಯಾವ ಕಡೆ ಗ್ವಾಡಿ ಸಂಜಿಗೆ ಬೆಳಗ್ತೈತಿ, ಅಂದ್ರ ಫೋಟೋ ತಗಿಯಾವ್ರು ಯಾವ ಗುಡಿಗೆ ಮೊದ್ಲ ಹೋಗಬೇಕು, ಇದು ಅಲ್ಲೇ ಒಂದು ದಿನ ಕಳದಾಂವಗಷ್ಟ ಗೊತ್ತಿರ್ತೈತಿ. ಮಣಿಕೇಶ್ವರ ಗುಡಿ ಮಗ್ಗಲದ ಮುಸುಕಿನ ಬಾವ್ಯಾಗ ಕೆಳಗಿಳಿಯೋ ಮೆಟ್ಲು, ಗ್ವಾಡ್ಯಾಗ ಸಣ್ಣ ಗುಡಿಯಂಥ ಗೂಡು ಅದಾವು. ಮಳಿಗಾಲದಾಗ ನೀರು ಎಷ್ಟನೇ ಮೆಟ್ಲಿಗೆ ಇತ್ತು, ಮೆಟ್ಲು ಜಾರ್ತಿದ್ವೇನು, ಸಣ್ಣ ಹುಡುಗ್ರನ್ನ ಬಿಡಬಹುದೇನು ಅಂತ ನೀವು ಒಂದು ಸಾಲು ಬರದ್ರ ಅದನ್ನ ಓದಿದ ತಾಯಿ ನಿಮ್ಮ ಪೇಜನ್ನ ಇನ್ನೊಬ್ಬಾಕಿಗೆ ಕಳಸ್ತಾಳ.

ಇತಿಹಾಸ ಬರಿಯೋದಿದ್ರೂ ಎಲ್ಲಾರೂ ಬಿಟ್ಟು ಹೋದ ಎಳಿ ಹಿಡೀರಿ. ಬ್ರಹ್ಮ ಜಿನಾಲಯ ಕಟ್ಟಿಸಿದಾಕಿ ಅತ್ತಿಮಬ್ಬೆ, 1007ರಾಗ. ದಾನಚಿಂತಾಮಣಿ ಅಂತ ಬಿರುದು ಇದ್ದಾಕಿ. ಕವಿ ಪೊನ್ನ ಬರದ ಶಾಂತಿಪುರಾಣದ್ದು ಸಾವಿರ ಪ್ರತಿ ಕೈಲೆ ಬರಿಸಿ ಹಂಚಿದ್ಲು ಅಂತ ಪ್ರಸಿದ್ಧಿ. ಛಾಪಖಾನೆ ಇಲ್ಲದ ಕಾಲದಾಗ ಒಂದು ಪುಸ್ತಕ ಮಂದಿಗೆ ಮುಟ್ಟಿಸಾಕ ಅಷ್ಟು ಖರ್ಚು ಮಾಡಿದ ಹೆಣ್ಮಗಳು ಕಟ್ಟಿಸಿದ ಬಸದಿ ಇದು ಅಂತ ಹೇಳಿದ್ರ ಓದಾಂವ ಆ ಬಾಗಲದಾಗ ಒಂದು ನಿಮಿಷ ನಿಂತು ನೋಡ್ತಾನ. (ಓದುಗರ ಸಂಖ್ಯೆ ಏರ್ಸೋದರ ಬಗ್ಗೆ ಬರಿಯಾಕ ಲಕ್ಕುಂಡಿಗಿಂತ ಚಲೋ ಊರು ಬ್ಯಾರೆ ಇಲ್ಲ ಅಂತ ನಂಗ ಅನ್ಸಿದ್ದು ಇದಕ್ಕ.)

ಇಷ್ಟೆಲ್ಲಾ ಬರದು ತಲಿಬರಹ "ಲಕ್ಕುಂಡಿ ಪ್ರವಾಸ: ಒಂದು ಮರೆಯಲಾಗದ ಅನುಭವ" ಅಂತ ಹಾಕಿದ್ರ ಎಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ. ಮರೆಯಲಾಗದ ಅನುಭವ ಅಂತ ಯಾರೂ ಹುಡುಕಂಗಿಲ್ಲ. "ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಲಕ್ಕುಂಡಿ: ಒಂದೇ ದಿನದಲ್ಲಿ ಏನೇನು ನೋಡಬಹುದು, ಊಟ ಎಲ್ಲಿ" ಅಂತ ಇದ್ರ ಹುಡುಕಿದಾಂವಗ ಇದು ತನ್ನ ಸಲುವಾಗಿನ ಬರದದ್ದು ಅಂತ ತಿಳೀತೈತಿ. ತಲಿಬರಹ ಭಾಳ ಉದ್ದ ಆದ್ರ ಗೂಗಲ್ ಕೊನೀಗೆ ಕತ್ತರಿಸಿ ಮೂರು ಚುಕ್ಕಿ ಇಡ್ತೈತಿ, ಅದಕ್ಕ ಊರ ಹೆಸರು, ಮುಖ್ಯ ಮಾತು ಮುಂದ ಬರಬೇಕು.

ಎಐ ಬಂದ ಮ್ಯಾಲ ಕ್ಲಿಕ್ ಯಾಕ ಕಡಿಮಿ ಆತು

ಇದನ್ನ ಈಗ ಭಾಳ ಮಂದಿ ಕೇಳಾಕತ್ತಾರ. ಮೊದ್ಲ ಗೂಗಲ್‌ನ್ಯಾಗ ಏನರ ಹುಡುಕಿದ್ರ ಹತ್ತು ನೀಲಿ ಲಿಂಕ್ ಬರ್ತಿದ್ವು, ಒಂದನ್ನ ಒತ್ತಿ ಒಳಗ ಹೋಗ್ತಿದ್ವಿ. 2024ರ ಆಗಸ್ಟ್‌ದಾಗ ಭಾರತಕ್ಕೂ ಎಐ ಓವರ್‌ವ್ಯೂ ಬಂತು. ನಾಕಾರು ವೆಬ್‌ಸೈಟಿನ್ಯಾಗ ಇದ್ದದ್ದನ್ನ ಕಲಸಿ ಗೂಗಲ್ ಮ್ಯಾಲನ ಒಂದು ಉತ್ತರ ಬರದು ಕೊಡ್ತೈತಿ. ಅಂದ್ರ ಕೌಂಟರ್‌ನ್ಯಾಗ ಕುಂತಾಂವ ಪ್ಲಾಟ್‌ಫಾರ್ಮ್ ತೋರಿಸೋದು ಬಿಟ್ಟು, ಅಲ್ಲೆ ಕುಂತನ ಊರಿನ ಕಥಿ ಪೂರ್ತಿ ಹೇಳಿಬಿಟ್ರ ಬಸ್ ಹತ್ತಾವ್ರು ಯಾರು? "ಲಕ್ಕುಂಡಿ ಗದಗಿನಿಂದ ಎಷ್ಟು ದೂರ" ಅನ್ನೋದಕ್ಕ ಉತ್ತರ ಮ್ಯಾಲ ಸಿಕ್ಕಬಿಟ್ಟಿತು, ನಿಮ್ಮ ಪೇಜಿಗೆ ಯಾರ್ ಬರ್ತಾರ.

ಇದರಾಗ ಹೊಡ್ತ ಬಿದ್ದದ್ದು ಬರೇ ಮಾಹಿತಿ ಕೂಡಿಸಿ ಇಟ್ಟ ಪೇಜಿಗೆ. ದೂರ, ವರ್ಷ, ರಾಜನ ಹೆಸರು ಎಲ್ಲಾ ಎಐ ಅರ್ಧ ನಿಮಿಷದಾಗ ಹೇಳ್ತೈತಿ. ಹೋದ ವಾರ ಗದಗ ಜಿಲ್ಲೆಯ ಸೂಡಿಗೆ ಹೋಗೋ ರಸ್ತೆ ಕೆತ್ತಿ ಇಟ್ಟಾರೋ ಇಲ್ಲೋ, ಅಲ್ಲಿ ಗುಡಿ ಕೀಲಿ ಹಾಕಿದ್ರ ಯಾರನ್ನ ಕೇಳಬೇಕು, ಡಂಬಳದ ದೊಡ್ಡಬಸಪ್ಪನ ಗುಡಿ ಹೊರಗ್ವಾಡಿ ನಕ್ಷತ್ರದಂಗ ಮೂಲಿ ಮೂಲಿ ತಿರುಗೋದನ್ನ ಎಲ್ಲೆ ನಿಂತ್ರ ಪೂರ್ತಿ ಕಾಣ್ತೈತಿ, ಇದು ಯಾರರ ಹೋಗಿ ಬಂದು ಬರೀದನ ಎಐಗೂ ಗೊತ್ತಾಗಂಗಿಲ್ಲ. ಗೂಗಲ್ ತನ್ನ ಹುಡುಕಾಟದ ಗುಣಮಟ್ಟ ತಪಾಸಣೆ ಮಾಡಾವ್ರಿಗೆ ಒಂದು ಮಾರ್ಗಸೂಚಿ ಕೊಟ್ಟೈತಿ, 2022ರ ಡಿಸೆಂಬರ್‌ದಾಗ ಅದರಾಗ ಅನುಭವ ಅನ್ನೋದನ್ನ ಹೊಸಾದಾಗಿ ಸೇರಿಸ್ತು. ಬರದಾಂವ ಆ ಜಾಗಾಕ್ಕ ಖರೇನ ಹೋಗಿದ್ನೋ, ಆ ವಸ್ತು ಖರೇನ ಬಳಸಿದ್ನೋ ಅಂತ ನೋಡ್ರಿ ಅಂತ. ಆ ತಪಾಸಣೆ ಮಾಡಾವ್ರು ಕೊಡೋ ಮಾರ್ಕಿನ ಮ್ಯಾಲ ನಿಮ್ಮ ಪೇಜಿನ ನಂಬರ್ ಸೀದಾ ಏರೋದು ಇಳಿಯೋದು ಇಲ್ಲ, ಆದ್ರ ಗೂಗಲ್ ಎಂಥಾ ಪೇಜನ್ನ ಮ್ಯಾಲ ತರಾಕ ನೋಡ್ತೈತಿ ಅನ್ನೋದು ಇದರಾಗ ಕಾಣ್ತೈತಿ. ಅದಕ್ಕ ಸ್ವಂತ ತಗದ ಫೋಟೋ, ಹೋದ ತಿಂಗಳು, ಬಸ್ಸಿಗೆ ಆಟೋಕ್ಕ ಕೊಟ್ಟ ರೊಕ್ಕ, ಪೇಜಿನ್ಯಾಗ ಇರಬೇಕು.

ಕನ್ನಡದಾಗ ಬರಿಯಾವ್ರಿಗೆ

ಇಂಗ್ಲಿಷ್‌ನ್ಯಾಗ ಬರದ್ರ ಹುಡುಕೋ ಮಂದಿ ಹೆಚ್ಚು, ಪೈಪೋಟಿನೂ ಹೆಚ್ಚು. ಕನ್ನಡದಾಗ ಎರಡೂ ಕಡಿಮಿ. ನಮ್ಮ ಭಾಗದ ಸಣ್ಣ ಊರಿನ ಬಗ್ಗೆ ಕನ್ನಡದಾಗ ಚಲೋ ಬರದದ್ದು ಕಡಿಮಿ ಇರೋದ್ರಿಂದ ಒಳ್ಳೆ ಒಂದು ಪೋಸ್ಟ್ ಮ್ಯಾಲ ಬರಾಕ ಹಾದಿ ಸಸಾರ.

ಒಂದು ತಾಂತ್ರಿಕ ಮಾತು. ಯುನಿಕೋಡ್ ಅಂದ್ರ ಎಲ್ಲಾ ಭಾಷೆ ಅಕ್ಷರಕ್ಕೂ ಕಂಪ್ಯೂಟರ್‌ನ್ಯಾಗ ಒಂದೊಂದು ನಂಬರ್ ಕೊಡೋ ಪದ್ಧತಿ, ಕನ್ನಡ ಅಕ್ಷರಕ್ಕ 1991ರಾಗ ಬಂದ ಅದರ ಮೊದಲನೇ ಆವೃತ್ತಿಯೊಳಗನ ಜಾಗಾ ಸಿಕ್ಕೈತಿ. ಆದ್ರೂ 'ನುಡಿ', 'ಬರಹ' ಅನ್ನೋ ತಂತ್ರಾಂಶದ ಹಳೇ ಫಾಂಟಿನ್ಯಾಗ ಟೈಪ್ ಮಾಡಿದ್ದನ್ನ ಹಂಗ ತಂದು ಹಾಕಾವ್ರು ಇನ್ನೂ ಅದಾರ. ನಮ್ಮ ಕಣ್ಣಿಗೆ ಅದು ಕನ್ನಡ, ಗೂಗಲ್‌ಗೆ ಅದು ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರದ ರಾಶಿ. ಅದನ್ನ ಯುನಿಕೋಡಿಗೆ ಬದಲಿಸಿದ ಮ್ಯಾಲ ಹಾಕಬೇಕು. ಹಂಗ ಪೋಸ್ಟರ್ ಮಾಡಿ ಫೋಟೋದಾಗ ಅಕ್ಷರ ಕೂಡಿಸೋದೂ ಹುಡುಕಾಟಕ್ಕ ಅಷ್ಟು ಉಪಯೋಗ ಇಲ್ಲ, ಬಸ್ ವಿವರ ಫೋಟೋದಾಗಷ್ಟ ಇದ್ರ ಹುಡುಕಿದಾಂವಗ ಸಿಗೋದು ಕಷ್ಟ, ಬರಹದಾಗೂ ಇರ್ಲಿ. ಪ್ರತಿ ಫೋಟೋಕ್ಕ ಆಲ್ಟ್ ಟೆಕ್ಸ್ಟ್ ಅಂತ ಒಂದು ಜಾಗಾ ಇರ್ತೈತಿ, ಅಲ್ಲೆ "ಲಕ್ಕುಂಡಿ ಕಾಶಿವಿಶ್ವೇಶ್ವರ ಗುಡಿ ದಕ್ಷಿಣದ ಬಾಗಲು" ಅಂತ ಬರೀರಿ, ಕಣ್ಣು ಕಾಣದವ್ರ ಫೋನ್ ಅದನ್ನ ಓದಿ ಹೇಳ್ತೈತಿ, ಗೂಗಲ್‌ಗೂ ಫೋಟೋ ಏನಂತ ತಿಳೀತೈತಿ.

ಮಂದಿ ಹುಡುಕೋದು ಎಲ್ಲಾ ರೀತಿನೂ ಇರ್ತೈತಿ. ಕೆಲವ್ರು ಕನ್ನಡದಾಗ ಟೈಪ್ ಮಾಡ್ತಾರ, ಕೆಲವ್ರು ಫೋನಿಗೆ ಬಾಯಿಲೆ ಹೇಳ್ತಾರ, ಭಾಳ ಮಂದಿ ಕನ್ನಡಾನ ಇಂಗ್ಲಿಷ್ ಅಕ್ಷರದಾಗ ಹೊಡೀತಾರ. ಊರ ಹೆಸರಿನ ಕಾಗುಣಿತಾನೂ ಹಂಗ, 2014ರ ನವೆಂಬರ್ 1ಕ್ಕ ಇಂಗ್ಲಿಷ್‌ನ್ಯಾಗೂ ಹುಬ್ಬಳ್ಳಿ ಅಂತನ ಬರೀಬೇಕು ಅಂತ ಆತು, ಆದ್ರ ಹಳೇ ಕಾಗುಣಿತ ಹೊಡಿಯಾವ್ರು ಇನ್ನೂ ಬೇಕಾದಷ್ಟು. ಪೇಜಿನ ವಿಳಾಸದಾಗ ಇಂಗ್ಲಿಷ್ ಅಕ್ಷರದ ಊರ ಹೆಸರು ಇಟ್ರ ಅಲ್ಲಿಂದನೂ ಅನುಕೂಲ, ಲಿಂಕ್ ವಾಟ್ಸಾಪ್‌ನ್ಯಾಗ ಕಳಿಸಿದಾಗ ಕನ್ನಡ ಅಕ್ಷರದ ವಿಳಾಸಕ್ಕ ಬರೋ ಉದ್ದನ ಪರ್ಸೆಂಟ್ (%) ಚಿಹ್ನೆ ಸಾಲೂ ಬರಂಗಿಲ್ಲ.

ಹಕ್ಕಿ ಬರೋಕಿಂತ ಮೊದ್ಲ ಪೋಸ್ಟ್ ಬರಬೇಕು

ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿ ಗೊತ್ತಿರಬೇಕಲ್ರಿ. ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಅಲ್ಲಿಗೆ ಬರ್ತಾವು. 2024ರಾಗ ಆ ಕೆರಿ ರಾಮ್ಸಾರ್ ಪಟ್ಟಿ ಸೇರ್ತು, ಅಂದ್ರ ಅಂತರರಾಷ್ಟ್ರೀಯ ಮಟ್ಟದಾಗ ಮಹತ್ವ ಇರೋ ಜೌಗು ಪ್ರದೇಶ ಅಂತ ಗುರುತು ಸಿಕ್ತು. ಹಕ್ಕಿ ಫೋಟೋ ತಗಿಯಾಕ ಹೋಗಿ ಡಿಸೆಂಬರ್ ಕೊನೀಗೆ ಬಂದು, ಫೋಟೋ ಆರಿಸಿ, ಬರದು, ಫೆಬ್ರವರಿಗೆ ಪೋಸ್ಟ್ ಹಾಕಿದ್ರ ಏನಾಗ್ತೈತಿ? ಗೂಗಲ್ ಅದನ್ನ ರಿಜಿಸ್ಟರಿಗೆ ಏರ್ಸಿ ಒಂದು ಜಾಗಾ ಕೊಡೋದರಾಗ ಹಕ್ಕಿ ವಾಪಸ್ ಹೊಂಟಿರ್ತಾವು, ಹುಡುಕೋ ಮಂದಿನೂ ಇರಂಗಿಲ್ಲ.

ಮಂದಿ ಹುಡುಕೋದು ಹೋಗೋಕಿಂತ ಮೊದ್ಲ. ಅದಕ್ಕ ಮಾಗಡಿ ಪೋಸ್ಟ್ ಸೆಪ್ಟೆಂಬರ್, ಅಕ್ಟೋಬರ್‌ದಾಗ ಇರಬೇಕು, ಹೋದ ವರ್ಷದ ಫೋಟೋ ಇಟ್ಕೊಂಡು ಬರದ್ರೂ ನಡೀತೈತಿ. ಹುಬ್ಬಳ್ಳಿ ಸಿದ್ಧಾರೂಢರ ಜಾತ್ರಿ ಶಿವರಾತ್ರಿಗೆ, ಅದಕ್ಕ ಜನವರಿಯಾಗನ ತಯಾರಿ. ಕನಕ ಜಯಂತಿ ಹತ್ರ ಬಂದಾಗ ಬಾಡ, ಕಾಗಿನೆಲೆ ಹುಡುಕಾವ್ರು ಇರ್ತಾರ. ಯಾವ ಊರಿನ ಹುಡುಕಾಟ ಯಾವ ತಿಂಗಳ ಏರ್ತೈತಿ ಅಂತ ನೋಡಾಕ ಗೂಗಲ್ ಟ್ರೆಂಡ್ಸ್ ಪುಕ್ಕಟ ಐತಿ, ಸಣ್ಣ ಊರಾದ್ರ ಅದರಾಗ ಗೆರಿ ಸರಿ ಬರಂಗಿಲ್ಲ, ಜಾತ್ರಿ ಕ್ಯಾಲೆಂಡರ್ ಅದಕ್ಕಿಂತ ಚಲೋ ಕೆಲಸ ಮಾಡ್ತೈತಿ.

ಸರ್ಚ್ ಕನ್ಸೋಲ್ ಓದೋದು ಹೆಂಗ

ಇದರಾಗ ನಾಕು ಅಂಕಿ ಮುಖ್ಯ. ಇಂಪ್ರೆಶನ್ ಅಂದ್ರ ನಿಮ್ಮ ಲಿಂಕ್ ಎಷ್ಟು ಸಲ ಹುಡುಕಿದಾವ್ರ ಮುಂದ ಬಂತು. ಕ್ಲಿಕ್ ಅಂದ್ರ ಎಷ್ಟು ಮಂದಿ ಒತ್ತಿದ್ರು. ಸಿಟಿಆರ್ ಅಂದ್ರ ಕ್ಲಿಕ್‌ನ್ನ ಇಂಪ್ರೆಶನ್‌ನಿಂದ ಭಾಗಿಸಿ ಶೇಕಡಾದಾಗ ಹೇಳಿದ್ದು. ಪೊಸಿಶನ್ ಅಂದ್ರ ಸರಾಸರಿ ಎಷ್ಟನೇ ನಂಬರಿಗೆ ಇದ್ರಿ.

ಒಂದು ಲೆಕ್ಕ ಹಿಡೀರಿ, ಇದು ಬರೇ ಉದಾಹರಣೆ. "ಬಂಕಾಪುರ ಕೋಟೆ" ಅನ್ನೋದಕ್ಕ 1000 ಇಂಪ್ರೆಶನ್, ಕ್ಲಿಕ್ 8, ಪೊಸಿಶನ್ 6. ಅಂದ್ರ ನೀವು ಮೊದ್ಲ ಪುಟದಾಗ ಅದೀರಿ, ಮಂದಿ ಕಣ್ಣಿಗೆ ಬಿದ್ದೀರಿ, ಆದ್ರೂ ಒತ್ತವಲ್ರು. ಇಲ್ಲೆ ಬರಹ ತಿದ್ದೋಕಿಂತ ತಲಿಬರಹ, ಅದರ ಕೆಳಗಿನ ಎರಡು ಸಾಲು ವಿವರಣೆ ತಿದ್ದಿ ನೋಡಬೇಕು. ಇನ್ನೊಂದು, "ಚೌಡಯ್ಯದಾನಪುರ ಮುಕ್ತೇಶ್ವರ" ಅನ್ನೋದಕ್ಕ ಪೊಸಿಶನ್ 14. ಎರಡನೇ ಪುಟ. ಅಲ್ಲಿವರೆಗೆ ಹೋಗಿ ನೋಡಾವ್ರು ಕಡಿಮಿ. ಇಲ್ಲೆ ಕೊರತಿ ಬರಹದಾಗನ ಐತಿ, ಮ್ಯಾಲಿನ ಪೇಜುಗಳು ಏನ್ ಹೇಳ್ಯಾವು ನೀವು ಏನ್ ಬಿಟ್ಟೀರಿ ಅಂತ ನೋಡಬೇಕು. ಮೂರನೇದು ಎಲ್ಲಾದಕ್ಕಿಂತ ಕಿಮ್ಮತ್ತಿಂದು: ನೀವು ಬರೀದ ಇದ್ದದ್ದನ್ನ ಮಂದಿ ಹುಡುಕಿ ನಿಮ್ಮ ಪೇಜಿನ ಮುಂದ ಬಂದಿರ್ತಾರ. ಬಂಕಾಪುರ ಕೋಟಿ ಒಳಗಿನ ಅರವತ್ತು ಕಂಬದ ನಗರೇಶ್ವರ ಗುಡಿ ಬಗ್ಗೆ ಬರದೀರಿ, ಆದ್ರ ಪಟ್ಟ್ಯಾಗ "ಬಂಕಾಪುರ ನವಿಲು ಯಾವಾಗ ಕಾಣ್ತವೆ" ಅಂತ ಐತಿ. ಅಲ್ಲೆ ನವಿಲಧಾಮ ಐತಲ್ರಿ, ಮಂದಿಗೆ ಬೇಕಾದ್ದು ಅದು. ಮುಂದಿನ ಪೋಸ್ಟಿನ ವಿಷಯ ಅವ್ರ ಬರದು ಕೊಟ್ಟಂಗಾತು.

ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಕೊಂಡಿರ್ತೈತಿ, ಅದಕ್ಕ ಈ ಡಿಸೆಂಬರ್‌ನ್ನ ಹೋದ ಡಿಸೆಂಬರ್ ಜೋಡಿ ಹಚ್ಚಿ ನೋಡಬಹುದು. ದಿನಾ ತಗದು ನೋಡ್ಕೋತ ಕುಂದ್ರೋದು ಬ್ಯಾಡ, ತಿಂಗಳಿಗೊಮ್ಮೆ ಸಾಕು.

ಫೋಟೋ ತೂಕ

ಇದು ಸಣ್ಣ ಮಾತು, ಆದ್ರ ಟ್ರಾವೆಲ್ ಬ್ಲಾಗಿನ್ಯಾಗ ಭಾಳ ನಡಿಯೋ ತಪ್ಪು. ಫೋನಿನ ಫೋಟೋ ಒಂದೊಂದು ಐದಾರು ಎಂಬಿ ಇರ್ತೈತಿ, ಹಂಗ ಇಪ್ಪತ್ತು ಹಾಕಿದ್ರ ಬಸ್ಸಿನ್ಯಾಗ ಕುಂತು ನೆಟ್‌ವರ್ಕ್ ಹೋಗಿ ಬರೋವಾಗ ಪೇಜು ತಗಿಯಾಂವ ಬ್ಯಾಸತ್ತು ಹೊಳ್ಳಿ ಹೊಕ್ಕಾನ. ಪೇಜಿನ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗ ಕಾಣಬೇಕು ಅಂತ ಗೂಗಲ್‌ನ ಅಳತಿ. ಫೋಟೋದ ಅಗಲ ಸುಮಾರು 1200 ಪಿಕ್ಸೆಲಿಗೆ ಇಳಿಸಿ, ವೆಬ್‌ಪಿ ಅನ್ನೋ ಹಗುರ ಫೈಲ್ ರೂಪಕ್ಕ ಬದಲಿಸಿದ್ರ ತೂಕ ಅರ್ಧಕ್ಕಿಂತ ಎಷ್ಟೋ ಕೆಳಗ ಬರ್ತೈತಿ, ಕಣ್ಣಿಗೆ ಫರಕ್ ಗೊತ್ತಾಗಂಗಿಲ್ಲ.

ರೀಲ್ಸ್, ವಾಟ್ಸಾಪ್

ರೀಲ್ಸ್‌ನ್ಯಾಗ ಹತ್ತು ಸಾವಿರ ವ್ಯೂ ಬಂತು, ಬ್ಲಾಗಿಗೆ ಹತ್ತು ಮಂದಿ ಬರ್ಲಿಲ್ಲ ಅಂತ ಬ್ಯಾಸರ ಮಾಡ್ಕೊಳ್ಳಾವ್ರು ಭಾಳ. ಕಾರಣ ಸರಳ ಐತಿ. ಇನ್‌ಸ್ಟಾಗ್ರಾಮ್‌ನ್ಯಾಗ ರೀಲ್ಸಿನ ಕೆಳಗ ಬರಿಯೋ ಸಾಲಿನ್ಯಾಗ ಲಿಂಕ್ ಒತ್ತಾಕ ಬರಂಗಿಲ್ಲ, ಬಯೋದಾಗಿನ, ಅಂದ್ರ ನಿಮ್ಮ ಪ್ರೊಫೈಲ್ ಪರಿಚಯದಾಗಿನ, ಲಿಂಕ್ ಇಲ್ಲಾ ಸ್ಟೋರಿ ಮ್ಯಾಲಿನ ಸ್ಟಿಕ್ಕರ್ ಅಷ್ಟ ದಾರಿ. ಮತ್ತ ಅಲ್ಲೆ ಕುಂತಾಂವ ಏನೂ ಹುಡುಕ್ತಿರಂಗಿಲ್ಲ, ಹೊತ್ತು ಕಳೀತಿರ್ತಾನ. ರೀಲ್ಸಿನ್ಯಾಗ ಪ್ರಶ್ನೆ ಅರ್ಧಕ್ಕ ಬಿಟ್ರ, "ಈ ಗುಡಿ ಕೀಲಿ ಯಾರ ಕಡೆ ಇರ್ತೈತಿ ಅಂತ ಬ್ಲಾಗಿನ್ಯಾಗ ಬರದೇನಿ" ಅಂತ ಹೇಳಿದ್ರ, ಹೋಗೋ ವಿಚಾರ ಇದ್ದಾವ್ರು ನಾಕು ಮಂದಿ ಬರ್ತಾರ, ಆ ನಾಕು ಮಂದಿ ಪೂರ್ತಿ ಓದ್ತಾರ.

ನಮ್ಮ ಭಾಗದಾಗ ಖರೇ ಕೆಲಸ ಮಾಡೋದು ವಾಟ್ಸಾಪ್. ಬೀಗರ ಗ್ರೂಪು, ಶಾಲಿ ಹಳೇ ವಿದ್ಯಾರ್ಥಿಗಳ ಗ್ರೂಪು, ಮಹಿಳಾ ಸಂಘದ ಗ್ರೂಪು, ಎಲ್ಲೆ ಒಬ್ರು "ಮುಂದಿನ ರವಿವಾರ ಹೋಗೋಣೇನು" ಅಂದ್ರೋ ಅಲ್ಲೆ ಲಿಂಕ್ ಬೀಳ್ತೈತಿ. ಆದ್ರ ಬೇಕಾದಷ್ಟು ಫಾರ್ವರ್ಡ್ ಮಾಡಾಕ ಬರಂಗಿಲ್ಲ. ಒಂದು ಸಲಕ್ಕ ಐದು ಚಾಟಿಗಷ್ಟ ಕಳಸಬಹುದು, ಭಾಳ ಕೈ ದಾಟಿ ಬಂದ ಮೆಸೇಜ್ ಆದ್ರ 2020ರಿಂದ ಒಂದ ಚಾಟಿಗೆ. ಅದಕ್ಕ ನೀವ ಐವತ್ತು ಗ್ರೂಪಿಗೆ ಹಾಕ್ಕೋತ ಹೋಗೋಕಿಂತ ಓದಿದಾಂವ ತಾನಾಗಿ ಕಳಿಸೋಹಂಗ ಇರೋದು ಲಾಭ. ಲಿಂಕ್ ಕಳಿಸಿದಾಗ ಸಣ್ಣ ಫೋಟೋ, ತಲಿಬರಹ ಕಾಣ್ತೈತಲ್ಲ, ಅದು ಎಂಥಾದು ಬರ್ತೈತಿ ಅಂತ ಮೊದ್ಲ ನಿಮ್ಮ ಫೋನಿನ್ಯಾಗ ಕಳಿಸಿ ನೋಡ್ರಿ.

ತಿರುಗಿ ಬರೋ ಮಂದಿ

ಗೂಗಲ್ ನಾಳೆ ತನ್ನ ಲೆಕ್ಕ ಬದಲಿಸಬಹುದು, ಇನ್‌ಸ್ಟಾಗ್ರಾಮ್ ನಿಮ್ಮ ಪೋಸ್ಟ್ ತೋರಿಸೋದು ಕಡಿಮಿ ಮಾಡಬಹುದು. ನಿಮ್ಮ ಕೈಯಾಗ ಇರೋದು ಅಂದ್ರ ಓದುಗರು ತಾವಾಗಿ ಕೊಟ್ಟ ಇಮೇಲ್ ವಿಳಾಸ, ಇದಕ್ಕ ನ್ಯೂಸ್‌ಲೆಟರ್ ಪಟ್ಟಿ ಅಂತಾರ. ಇಮೇಲ್ ತಗದು ನೋಡೋ ರೂಢಿ ನಮ್ಮ ಕಡೆ ಕಡಿಮಿ, ಅದಕ್ಕ 2023ರಾಗ ಬಂದ ವಾಟ್ಸಾಪ್ ಚಾನೆಲ್ ಬಳಸಾವ್ರು ಅದಾರ. ಚಾನೆಲ್‌ನ್ಯಾಗ ಒಬ್ರ ನಂಬರ್ ಇನ್ನೊಬ್ರಿಗೆ ಕಾಣಂಗಿಲ್ಲ, ಹೆಣ್ಮಕ್ಕಳು ಸೇರಾಕ ಇದು ಅನುಕೂಲ. ವಾಟ್ಸಾಪ್ ಕಂಪನಿ ಬಾಗಲು ಮುಚ್ಚಿದ್ರ ಚಾನೆಲ್‌ದ ಪಟ್ಟಿ ನಿಮ್ಮ ಜೋಡಿ ಬರಂಗಿಲ್ಲ ಅನ್ನೋದು ಮಾತ್ರ ತಲ್ಯಾಗಿರ್ಲಿ.

ಬಂದಾಂವ ಒಂದ ಪೇಜು ಓದಿ ಹೋಗಬಾರದು ಅಂದ್ರ ಮುಂದಿನದಕ್ಕ ದಾರಿ ಕಾಣಬೇಕು. ತುಂಗಭದ್ರಾ ದಂಡಿ ಮ್ಯಾಲಿನ ಗುಡಿ ಅಂತ ಒಂದು ಸರಣಿ ಮಾಡಿದ್ರ, ವರದಾ ಬಂದು ಕೂಡೋ ಗಳಗನಾಥದ ಪೋಸ್ಟಿನಿಂದ ಚೌಡಯ್ಯದಾನಪುರಕ್ಕ ಲಿಂಕ್, ಅಲ್ಲಿಂದ ಹರಳಹಳ್ಳಿಗೆ, ಮೂರನ್ನೂ ಕೂಡಿಸಿ ಒಂದು ದಿನದ ಬೈಕ್ ರೂಟ್ ಪೋಸ್ಟ್. ಗೂಗಲ್‌ಬಾಟಿಗೂ ಇದ ಲಿಂಕ್ ಹಾದಿ ಆಗ್ತೈತಿ. ಎಲ್ಲಾ ರಾಜ್ಯ, ಎಲ್ಲಾ ದೇಶ ಬರಿಯೋ ಬ್ಲಾಗಿಗಿಂತ ಗದಗ-ಹಾವೇರಿ ಅಂದ್ರ ಇವ್ರು ಅಂತ ಹೆಸರಾಗೋದು ಹೊಸಬ್ರಿಗೆ ಹಗುರ, ಇದು ನನ್ನ ಅಭಿಪ್ರಾಯ.

ರೊಕ್ಕ, ಫಾಲೋವರ್ಸ್

ಫಾಲೋವರ್ಸ್ ಮಾರಾವ್ರು ಕೊಡೋದು ಬಹಳಷ್ಟು ಖಾಲಿ ಖಾತೆ, ಅವು ಓದಂಗಿಲ್ಲ, ಊರಿಗೂ ಹೋಗಂಗಿಲ್ಲ. ಹೋಟೆಲ್, ಹೋಂಸ್ಟೇದವ್ರು ಪುಕ್ಕಟ ಇಟ್ಕೊಂಡು ಬರೀರಿ ಅಂದ್ರ ಅದನ್ನ ಪೋಸ್ಟಿನ್ಯಾಗ ಎದ್ದು ಕಾಣೋಹಂಗ ಹೇಳಬೇಕು. ಜಾಹೀರಾತು ಮಾನದಂಡದ ಸಂಸ್ಥೆ ಎಎಸ್‌ಸಿಐ 2021ರಾಗ, ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಾಗ ಇದಕ್ಕ ಮಾರ್ಗಸೂಚಿ ಹೊರಡಿಸ್ಯಾವು. ರೊಕ್ಕಾನ ಆಗಬೇಕಂತಿಲ್ಲ, ಪುಕ್ಕಟ ಊಟ ವಸತಿನೂ ಅದರಾಗ ಬರ್ತೈತಿ.

ಹಳೇ ಪೋಸ್ಟ್

ಹೊಸಾದು ಬರಿಯೋದರಾಗ ಹಳೇದನ್ನ ಮರೀತಾರ. ಬಸ್ ಟೈಮ್ ಬದಲಾಗಿರ್ತೈತಿ, ಟಿಕೆಟ್ ದರ ಏರಿರ್ತೈತಿ, ಖಾನಾವಳಿ ಮುಚ್ಚಿರ್ತೈತಿ. ಚಲೋ ಓಡೋ ಪೋಸ್ಟುಗಳನ್ನ ವರ್ಷಕ್ಕೊಮ್ಮೆ ತಗದು, ತಪ್ಪಿದ್ದನ್ನ ತಿದ್ದಿ, ಮ್ಯಾಲ "ಕೊನೇ ಸಲ ಹೋಗಿ ನೋಡಿದ್ದು" ಅಂತ ತಿಂಗಳು, ವರ್ಷ ಹಾಕ್ರಿ. ಬರೇ ತಾರೀಖು ಬದಲಿಸಿ ಒಳಗಿಂದು ಹಂಗ ಬಿಡೋದು ಮಾಡಬ್ಯಾಡ್ರಿ, ಮುಚ್ಚಿದ ಖಾನಾವಳಿ ಮುಂದ ಹಸದು ನಿಂತಾಂವ ಮೊದ್ಲ ಬೈಯೋದು ನಿಮ್ಮನ್ನ. ಬದಲಾಗಿದ್ದು ಹೇಳಾಕ ಪೋಸ್ಟಿನ ಕೆಳಗ ಒಂದು ಫಾರ್ಮ್ ಇಟ್ರ ಹೋಗಿ ಬಂದಾವ್ರ ತಿಳಸ್ತಾರ, ಬಸ್ ಟೈಮ್ ಅಂತೂ ನಿಮಗಿಂತ ಮೊದ್ಲ ಅವ್ರಿಗೆ ಗೊತ್ತಾಗಿರ್ತೈತಿ.